ಹೊಸ್ತಿಲ ಮೇಲಿನ ಬೆಡ್‌ಪ್ಯಾನು

ನಮ್ಮ ಊರಿನಲ್ಲಿ ಬೆಳಿಗ್ಗೆ ಎದ್ದವರು ಮೊದಲು ನೋಡುವುದು ಹೊಸ್ತಿಲನ್ನು. ದೇವರ ಪಟ, ಅಂಗೈ, ಹೆಂಡತಿಯ ಮುಖ ಎಲ್ಲ ಆಮೇಲೆ. ಮನೆಯಲ್ಲಿ ಕೆಲಸವಿಲ್ಲದೆ ಬಿದ್ದಿರುವ ಸಾಮಾನು ಯಾವುದಿದೆಯೋ ಅದು ಬೆಳಗಾಗುವಷ್ಟರಲ್ಲಿ ಹೊಸ್ತಿಲ ಮೇಲೆ ಬಂದು ಕೂತಿರುತ್ತದೆ. ತಿಪ್ಪೆಗೆ ಎಸೆದರೂ ಅಷ್ಟೆ, ಕೆರೆಗೆ ಹಾಕಿದರೂ ಅಷ್ಟೆ, ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದರೂ ಅಷ್ಟೆ. ಸಿಪ್ಪೆ, ಬೂದಿ, ಕಸಕಡ್ಡಿ ಬರುವುದಿಲ್ಲ. ಒಮ್ಮೆ ಮನುಷ್ಯನ ಕೈಗೆ ಒದಗಿದ್ದು ಮಾತ್ರ ಬರುತ್ತದೆ. ಅದು ಬರುವುದನ್ನು ಕಂಡವರಿಲ್ಲ. ನೋಡಿಯೇ ಬಿಡುತ್ತೇನೆಂದು ಕಾದು ಕೂತವರಿಗೆಲ್ಲ ಸರಿಯಾಗಿ ಆ ಹೊತ್ತಿಗೆ ತೂಕಡಿಕೆ ಬಂದಿದೆ. ಹೀಗಾಗಿ ನಮ್ಮಲ್ಲಿ ಅಟ್ಟವೆಂದರೆ ಹುಡುಗರು ಮಲಗುವ ಜಾಗ. ಗುಜರಿ ಅಂಗಡಿ ಇಲ್ಲ. ಹಿಂದೆ ಒಬ್ಬ ಗುಜರಿಯವನು ತಳ್ಳುಗಾಡಿ ನೂಕಿಕೊಂಡು ಬಂದಿದ್ದ. ಸಂಜೆಯವರೆಗೆ ಕೊಂಡದ್ದೆಲ್ಲ ಬೆಳಿಗ್ಗೆ ಅವರವರ ಮನೆ ಸೇರಿತ್ತು. ಬೇಸತ್ತು ಗಾಡಿಯನ್ನೇ ಬಿಟ್ಟು ಹೊರಡಲು ನೋಡಿದ. ಅದು ಅವನು ಇಳಿದಿದ್ದ ಛತ್ರದ ಬಾಗಿಲು ಬಿಡಲಿಲ್ಲ. ಕೊನೆಗೆ ಅವನೂ ಇಲ್ಲೇ ಉಳಿದ. ಈಗ ಆ ಗಾಡಿಯ ಮೇಲೆ ಇಡ್ಲಿ ಬೇಯುತ್ತದೆ; ಬೇಯಿಸುವವನು ಅವನೇ.

ಸಾಮಾನಿಗೆ ಕೆಲಸ ಕೊಡುವುದು ನಮ್ಮಲ್ಲಿ ದಿನದ ಮಾತು. ಕೆಟ್ಟ ಟೇಬಲ್ ಫ್ಯಾನಿನ ಜಾಲರಿ ಕೋಳಿಮರಿಗಳನ್ನು ಮುಚ್ಚುತ್ತದೆ. ಬಟ್ಟೆ ಹೋದ ಕೊಡೆಯನ್ನು ತಲೆಕೆಳಗಾಗಿ ತೂಗುಹಾಕಿದರೆ ಮಗುವಿನ ಅಂಗಿ, ಚಡ್ಡಿ, ಕುಲಾವಿ ಒಂದೊಂದು ಕಡ್ಡಿಗೆ ಒಂದೊಂದು ಒಣಗುತ್ತವೆ. ಹೊಲಿಗೆ ಯಂತ್ರದ ಕಾಲಿನ ಮೇಲೆ ಕೈ ತೊಳೆಯುವ ತೊಟ್ಟಿ ಕೂತಿದೆ, ಮಾತು ನಿಂತ ರೇಡಿಯೋದ ಹೊಟ್ಟೆಯಲ್ಲಿ ಸಾಸಿವೆ ಜೀರಿಗೆ ಇವೆ. ಆದರೆ ಅಲಂಕಾರ ಕೆಲಸವಲ್ಲ. ವಕೀಲರೊಬ್ಬರು ತಾತನ ಕಾಲದ ಹಾಲಿನ ಕ್ಯಾನಿಗೆ ಬಣ್ಣ ಬಳಿದು, ಹೂಬಳ್ಳಿ ಬರೆಸಿ, ನಡುಮನೆಯ ಮೂಲೆಯಲ್ಲಿ ನಿಲ್ಲಿಸಿದ್ದರು. ಮಾರನೆಯ ಬೆಳಿಗ್ಗೆ ಅದು ಹೂಬಳ್ಳಿಯ ಸಮೇತ ಹೊಸ್ತಿಲಲ್ಲಿತ್ತು. ಚೆಂದ ಕಾಣುವುದು ಈ ಊರಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇದರಿಂದ ಕೆಲವು ಅಳಿಯಂದಿರಿಗೂ ತೊಂದರೆಯಾಗಿದೆ.

ನಾನು ಇಲ್ಲಿಯ ವಾಚನಾಲಯ ನೋಡಿಕೊಳ್ಳುತ್ತೇನೆ. ಯಾರಿಗೂ ಪಾಠ ಹೇಳಿದವನಲ್ಲ. ಆದರೂ ಕನ್ನಡಕ ಹಾಕಿರುವುದಕ್ಕೆ ಎಲ್ಲರೂ ಮೇಷ್ಟ್ರೇ ಎನ್ನುತ್ತಾರೆ. ಇಷ್ಟು ಪುಸ್ತಕ ಓದಿದವನಿಗೆ ತೂತುಬಿದ್ದ ಸೌಟಿಗೆ ಒಂದು ಉಪಾಯ ಹೊಳೆಯದೇ ಇರುತ್ತದೆಯೇ ಎಂದು ಕೇಳಿಕೊಂಡು ಬರುತ್ತಾರೆ. ಹೊಳೆಯುತ್ತದೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು. ಯಾರೂ ತೆರೆಯದ ಹಳೆಯ ವಿಶ್ವಕೋಶದ ನಾಲ್ಕು ಸಂಪುಟಗಳು ದಿನಾ ಬೆಳಿಗ್ಗೆ ವಾಚನಾಲಯದ ಬಾಗಿಲಲ್ಲಿ ಕೂತು ನನ್ನನ್ನು ಅಣಕಿಸುತ್ತಿದ್ದಾಗ, ಅವನ್ನು ಪಕ್ಕದ ಮನೆಯ ದಾಕ್ಷಾಯಣಮ್ಮನಿಗೆ ಕೊಟ್ಟವನು ನಾನೇ. ಅವರ ಅತ್ತೆ ಪುಟ್ಟಗೌರಮ್ಮನವರು ಸೊಂಟ ಮುರಿದು ಮಲಗಿದ್ದರು. ಮಂಚ ತಗ್ಗಾಗಿತ್ತು, ಬಗ್ಗಿ ಬಗ್ಗಿ ದಾಕ್ಷಾಯಣಮ್ಮನ ಸೊಂಟವೂ ಅದೇ ದಾರಿ ಹಿಡಿಯುವಂತಿತ್ತು. ನಾಲ್ಕು ಕಾಲಿಗೆ ನಾಲ್ಕು ಸಂಪುಟ ಇಟ್ಟೆವು. ಜ್ಞಾನಕ್ಕೆ ಅದಕ್ಕಿಂತ ನೇರವಾದ ಉಪಯೋಗವನ್ನು ನಾನು ಕಂಡಿಲ್ಲ.

ಪುಟ್ಟಗೌರಮ್ಮನವರು ಹಾಗೆ ನಾಲ್ಕು ವರ್ಷ ಮಲಗಿದ್ದರು. ಅವರ ಕೈಯಲ್ಲಿ ಯಾವಾಗಲೂ ಒಂದು ಹಿಡಿ ಹತ್ತಿ ಇರುತ್ತಿತ್ತು. ಮಲಗಿದಲ್ಲೇ ಹೂಬತ್ತಿ ಹೊಸೆಯುತ್ತಿದ್ದರು. ಮನುಷ್ಯರು ಯಾರೂ ಇದುವರೆಗೆ ಹೊಸ್ತಿಲ ಮೇಲೆ ಬಂದು ಕೂತ ಉದಾಹರಣೆಯಿಲ್ಲ. ಆದರೆ ಅದನ್ನು ಪರೀಕ್ಷೆ ಮಾಡಿ ನೋಡುವ ಧೈರ್ಯವೂ ಯಾರಿಗೂ ಇಲ್ಲ. ಹಾಗಾಗಿ ನಮ್ಮ ಮುದುಕ ಮುದುಕಿಯರ ಕೈಗೆ ಕೊನೆಯ ಉಸಿರಿನವರೆಗೆ ಏನಾದರೊಂದು ಕೊಟ್ಟಿರುತ್ತೇವೆ. ಅದೂ ಆಗದಷ್ಟು ಸೋತವರ ಬಗ್ಗೆ ಮಾತೇ ಆಡುವುದಿಲ್ಲ. ಊರಿನಲ್ಲಿ ಎಷ್ಟೋ ಹೆಂಗಸರು ವರ್ಷಗಟ್ಟಲೆ ತವರಿಗೆ ಹೋಗಿರುತ್ತಾರೆ, ಎಷ್ಟೋ ಗಂಡಸರು ಮುಗಿಯದ ಯಾತ್ರೆಯಲ್ಲಿರುತ್ತಾರೆ. ಯಾವಾಗ ಬರುತ್ತಾರೆ ಎಂದು ಕೇಳುವುದು ಸಭ್ಯತೆಯಲ್ಲ.

ಅಜ್ಜಿ ತೀರಿಕೊಂಡ ಮೇಲೆ ದಾಕ್ಷಾಯಣಮ್ಮ ಅವರ ಸಾಮಾನುಗಳಿಗೆಲ್ಲ ಒಂದು ವಾರದೊಳಗೆ ಕೆಲಸ ಕೊಟ್ಟು ಮುಗಿಸಿದರು. ಸೀರೆಗಳು ಕೌದಿಯಾದವು. ಮಂಚವನ್ನು ಹಿತ್ತಲಲ್ಲಿ ನೆಟ್ಟಗೆ ನಿಲ್ಲಿಸಿ ಅವರೆಕಾಯಿ ಬಳ್ಳಿ ಹಬ್ಬಿಸಿದರು. ಅಜ್ಜಿ ಮಲಗಿದಲ್ಲಿಂದಲೇ ಕಿಟಕಿ ನೂಕುತ್ತಿದ್ದ ಊರುಗೋಲು ನುಗ್ಗೇಕಾಯಿ ಕೀಳುವ ಕೋಲಾಯಿತು, ಎಲೆಯಡಕೆ ಡಬ್ಬಿಯಲ್ಲಿ ಮಗಳು ಕಾಂಚನ ಸೂಜಿ ಗುಂಡಿ ತುಂಬಿಕೊಂಡಳು. ವಿಶ್ವಕೋಶ ನನಗೆ ವಾಪಸು ಬಂತು. ನನ್ನ ಹೆಂಡತಿ ಅದನ್ನು ಹಪ್ಪಳ ಒತ್ತುವ ಮಣೆಯ ಮೇಲೆ ಹೇರಿದಳು. ಉಳಿದದ್ದು ಒಂದೇ, ಮಲಗಿದಲ್ಲೇ ಅಜ್ಜಿಯ ಪಾಯಿಖಾನೆಯಾಗಿದ್ದ ಬೆಡ್‌ಪ್ಯಾನು. ಬಿಳಿ ಎನಾಮಲ್ಲಿನದು, ನೀಲಿ ಅಂಚು, ಅಗಲವಾದ ತುಟಿ. ಅದರ ಮುಚ್ಚಳಕ್ಕೆ ಕೆಲಸ ಸಿಕ್ಕಿತ್ತು, ಇದ್ದಿಲ ಬುಟ್ಟಿ ಮುಚ್ಚುತ್ತಿತ್ತು. ಪ್ಯಾನಿಗೆ ಮಾತ್ರ ಏನೂ ಹೊಂದಲಿಲ್ಲ. ದಿನಾ ಬೆಳಿಗ್ಗೆ ಹೊಸ್ತಿಲಿನ ಸರಿಮಧ್ಯದಲ್ಲಿ, ಬಂದವರಿಗೆ ಕೂರಲು ಹೇಳುವಂತೆ, ಬೀದಿಯ ಕಡೆ ಮುಖಮಾಡಿ ಇರುತ್ತಿತ್ತು.

ನಾನು ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಬೀದಿನಾಯಿಗೆ ನೀರಿಡೋಣ ಎಂದೆ. ನಾಯಿ ಮೂಸಿ ನೋಡಿ, ಎದುರಿನ ಚರಂಡಿಗೆ ಹೋಗಿ ಕುಡಿದು ಬಂತು. ಗಾರೆ ಕೆಲಸದವನಿಗೆ ಸಿಮೆಂಟು ಕಲೆಸಲು ಕೊಡಿ ಎಂದೆ; ಅವನು ತನ್ನ ಬಾಂಡಲಿಗೆ ಇನ್ನೂ ಆಯಸ್ಸಿದೆ ಎಂದು ಕೈಮುಗಿದ. ಆಗ ದಾಕ್ಷಾಯಣಮ್ಮನಿಗೆ ಸಿಟ್ಟು ಬಂದಿತ್ತು. ಆ ಪಾತ್ರೆಯನ್ನು ಅವರು ತೊಳೆದಷ್ಟು ಚೊಕ್ಕವಾಗಿ ನಮ್ಮ ಊರಿನ ಹೋಟೆಲಿನಲ್ಲಿ ಲೋಟ ತೊಳೆಯುವುದಿಲ್ಲ. ಕೊನೆಗೆ ಕೋತಿ ಓಡಿಸಲು ಬಾರಿಸಿ ಎಂದೆ. ಅವರ ಸೀಬೆ ಮರಕ್ಕೆ ಕೋತಿಗಳ ಕಾಟ ಬಹಳ. ಇಕ್ಕಳದಿಂದ ಎರಡೇಟು ಹಾಕಿದರೆ ಹಲ್ಲು ಜುಮ್ಮೆನ್ನುವ ಸದ್ದು. ಮಾರನೆಯ ದಿನ ಹೊಸ್ತಿಲು ಖಾಲಿ. ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ. ಆದರೆ ಕೋತಿಗಳು ಆ ಸದ್ದಿಗೆ ಎಷ್ಟು ಹೇಸಿದವೆಂದರೆ ಆ ಬೀದಿಯನ್ನೇ ಬಿಟ್ಟು ಹೋದವು. ಅದರ ಮಾರನೆಯ ಬೆಳಿಗ್ಗೆ ಪ್ಯಾನು ಮತ್ತೆ ಹಾಜರು. ಕೆಲಸವನ್ನು ಪೂರ್ತಿ ಮುಗಿಸಿಬಿಡುವವರಿಗೆ ಎಲ್ಲ ಕಡೆಯೂ ಇದೇ ಗತಿ.

ದಾಕ್ಷಾಯಣಮ್ಮನ ಗಂಡ ಮಹದೇವಯ್ಯ, ತಾಯಿಯ ನಾಲ್ಕು ವರ್ಷದಲ್ಲಿ ಆ ಪಾತ್ರೆಯನ್ನು ಒಮ್ಮೆಯೂ ಮುಟ್ಟಿರದ ಮನುಷ್ಯ, ಒಂದು ದಿನ ಹಾರೆ ಹಿಡಿದು ಹಿತ್ತಲಲ್ಲಿ ಎದೆಮಟ್ಟದ ಗುಂಡಿ ತೆಗೆದು ಅದನ್ನು ಹೂತರು. ಬೆಳಿಗ್ಗೆ ಅದು ಮಣ್ಣಿನ ಕಲೆಯೂ ಇಲ್ಲದೆ ಮರಳಿ ಬಂತು. ಕೈಯಲ್ಲಿ ಬೊಬ್ಬೆ ಬಂದದ್ದು ಅವರಿಗೆ. "ಇಷ್ಟು ದಿನ ಆದ್ಮೇಲೆ ಮುಟ್ಟಿದ್ರಲ್ಲ, ಅದಕ್ಕೂ ಗಾಬರಿಯಾಗಿ ಎದ್ದು ಬಂದಿರಬೇಕು," ಎಂದರು ದಾಕ್ಷಾಯಣಮ್ಮ.

ಇದೆಲ್ಲ ಬರೀ ತಮಾಷೆಯಾಗಿ ಉಳಿಯುತ್ತಿತ್ತೋ ಏನೋ, ಕಾಂಚನಳ ಮದುವೆಯ ಮಾತು ಬರದಿದ್ದರೆ. ಬೇರೆ ಊರುಗಳಲ್ಲಿ ಹೆಣ್ಣು ನೋಡುತ್ತಾರಂತೆ. ನಮ್ಮಲ್ಲಿ ಮೊದಲು ಹೊಸ್ತಿಲು ನೋಡುತ್ತಾರೆ. ಗಂಡಿನ ಕಡೆಯ ಹೆಂಗಸರು ಹೇಳದೆ ಕೇಳದೆ ಒಂದು ದಿನ ರಂಗೋಲಿ ಬೀಳುವ ಮುಂಚೆ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಹೊಸ್ತಿಲು ಖಾಲಿಯಿದ್ದರೆ ಒಳಗೆ ಬಂದು ಕಾಫಿ ಕುಡಿಯುತ್ತಾರೆ. ಏನಾದರೂ ಕೂತಿದ್ದರೆ ಅಲ್ಲಿಂದಲೇ ನಮಸ್ಕಾರ. ಒಂದು ಪಾತ್ರೆಗೆ ಕೆಲಸ ಹುಡುಕಲಾಗದ ಮನೆಯ ಹುಡುಗಿ ನಾಳೆ ಗಂಡನಿಗೆ ಏನು ಕೆಲಸ ಹುಡುಕಿಯಾಳು ಎಂಬುದು ತರ್ಕ. ಬೇಗ ಎದ್ದು ಎತ್ತಿಡೋಣವೆಂದರೆ ಆಗುವುದಿಲ್ಲ. ರಂಗೋಲಿ ಬೀಳುವವರೆಗೆ, ಎತ್ತಿಟ್ಟು ಬೆನ್ನು ತಿರುಗಿಸುವಷ್ಟರಲ್ಲಿ ಅದು ಮತ್ತೆ ಅಲ್ಲೇ. ಹಾಗೆ ಒಂದು ಸಂಬಂಧ ಆಗಲೇ ತಪ್ಪಿತ್ತು. ಬಂದ ಹೆಂಗಸರು ಪ್ಯಾನನ್ನು ಕಂಡು, ವಾಸನೆಯೇನೂ ಇಲ್ಲದಿದ್ದರೂ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಟುಹೋಗಿದ್ದರು.

ಆಗ ಕಾಂಚನ ತಲೆಕೆಡಿಸಿಕೊಂಡಿರಲಿಲ್ಲ. ಈ ಸಲ ಮಾತು ಬೇರೆ. ಹುಡುಗ ಕಾಲುವೆಯಾಚೆ ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ಪಂಚಾಕ್ಷರಿ. ಕಾಂಚನ ಬ್ಲೌಸ್ ಹೊಲಿದುಕೊಡಲು ಸೈಕಲ್ಲಿನಲ್ಲಿ ಊರು ಸುತ್ತುತ್ತಾಳೆ, ಮತ್ತು ಆ ವರ್ಷ ಅವಳ ಸೈಕಲ್ಲು ನಮ್ಮ ರಸ್ತೆಗಳ ಯೋಗ್ಯತೆಗೆ ಮೀರಿ ಪಂಕ್ಚರ್ ಆಗುತ್ತಿತ್ತು. ಆ ಮನೆಯಿಂದ ಜಾತಕ ಬಂದ ದಿನ ಅವಳು ಯಾರಿಗೂ ಕಾಣದಂತೆ ಬೆಡ್‌ಪ್ಯಾನನ್ನು ಒಯ್ದು ಹೊಲಿಗೆಯ ಚಿಂದಿ ತುಂಬಿಟ್ಟಳು. ಅದಕ್ಕಾಗಲೇ ಒಂದು ಬುಟ್ಟಿಯಿತ್ತು. ಬೆಳಿಗ್ಗೆ ಹೊಸ್ತಿಲ ಮೇಲೆ ಚಿಂದಿಯ ಸಮೇತ ಪ್ಯಾನು ಕೂತಿತ್ತು. ಚಿಂದಿಯನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದ ಮಗಳನ್ನು ನೋಡಿದ ದಾಕ್ಷಾಯಣಮ್ಮ ಆ ದಿನ ನನ್ನ ಹತ್ತಿರ ಬಂದು, "ಮೇಷ್ಟ್ರೇ, ಅತ್ತೆ ಬದುಕಿದ್ದಾಗ ನನ್ನ ಬೆನ್ನು ತಿಂದರು. ಹೋದ್ಮೇಲೆ ಇವಳ ಮದುವೆ ತಿಂತಿದಾರೆ. ಏನಾದ್ರೂ ಮಾಡಿ," ಎಂದರು. ಏನೂ ಹೊಳೆಯುತ್ತಿಲ್ಲ ಎಂದು ನಾನು ಒಪ್ಪಿಕೊಂಡೆ. ಅವರು ನನ್ನ ಕನ್ನಡಕವನ್ನು ಒಮ್ಮೆ ನೋಡಿ ಹೊರಟುಹೋದರು.

ಮುರಿಗೆಮ್ಮ ಬಂದದ್ದು ಒಂದು ಸೋಮವಾರ. ಆಕೆ ಪಂಚಾಕ್ಷರಿಯ ಸೋದರತ್ತೆ, ತಂದೆಯ ಅಕ್ಕ. ಕಾಸಿನಷ್ಟು ದಪ್ಪ ಕುಂಕುಮ, ಅದಕ್ಕಿಂತ ದಪ್ಪ ದನಿ. ಹುಡುಗನ ತಾಯಿ ತವರಿಗೆ ಹೋಗಿದ್ದಾರೆ, ಅದಕ್ಕೆ ತಾನು ಬಂದೆ ಎಂದು ಯಾರೂ ಕೇಳುವ ಮುಂಚೆಯೇ ಹೇಳಿದರು. ನಾನು ನಮ್ಮ ಜಗಲಿಯ ಮೇಲಿನ ಹಳೇ ಬಸ್ಸಿನ ಸೀಟಿನಲ್ಲಿ ಕೂತು ಹಲ್ಲುಜ್ಜುತ್ತಿದ್ದೆ. ಅಲ್ಲಿಂದ ದಾಕ್ಷಾಯಣಮ್ಮನ ಬಾಗಿಲು ಚೆನ್ನಾಗಿ ಕಾಣುತ್ತದೆ. ಪ್ಯಾನು ತನ್ನ ಜಾಗದಲ್ಲಿ ಕೂತಿತ್ತು. ದಾಕ್ಷಾಯಣಮ್ಮ ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಅದರ ಹಿಂದೆ ನಿಂತಿದ್ದರು. ಒಳಬಾಗಿಲಲ್ಲಿ ಕಾಂಚನಳ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ಮುರಿಗೆಮ್ಮ ಮೂಗು ಮುಚ್ಚಲಿಲ್ಲ, ನಮಸ್ಕಾರವನ್ನೂ ಹೇಳಲಿಲ್ಲ. ಬಗ್ಗಿ ಪ್ಯಾನನ್ನು ಎತ್ತಿಕೊಂಡರು. ತಿರುಗಿಸಿ ತಳ ನೋಡಿದರು. ಬೆರಳಿನಿಂದ ಅದರ ತುಟಿಯನ್ನು ಸುತ್ತಲೂ ಸವರಿದರು, ಎಲ್ಲಾದರೂ ಚಕ್ಕೆಯೆದ್ದಿದೆಯೇ ಎಂದು, ಬಳೆ ಕೊಳ್ಳುವವರು ನೋಡುವ ಹಾಗೆ. ಆಮೇಲೆ ದನಿ ತಗ್ಗಿಸಿ ಒಂದೇ ಮಾತು ಕೇಳಿದರು.

"ಇದಕ್ಕೆ ಮುಚ್ಚಳ ಇಲ್ವಾ?"

ದಾಕ್ಷಾಯಣಮ್ಮ ತಂಬಿಗೆ ಕೆಳಗಿಟ್ಟು ಒಳಗೆ ಹೋಗಿ, ಇದ್ದಿಲ ಬುಟ್ಟಿಯ ಮೇಲಿದ್ದ ಮುಚ್ಚಳವನ್ನು ತೊಳೆದು ಒರೆಸಿ ತಂದು ಕೊಟ್ಟರು. ಮುರಿಗೆಮ್ಮ ಎರಡನ್ನೂ ಸೆರಗಿನಡಿ ಮುಚ್ಚಿಕೊಂಡು, ಕಾಫಿ ಇನ್ನೊಂದು ದಿನ ಎಂದು, ಬೀದಿಯ ಅಂಚು ಹಿಡಿದು ಸರಸರ ನಡೆದರು.

ಮಾರನೆಯ ದಿನ ಹೊಸ್ತಿಲು ಖಾಲಿ. ಅದರ ಮಾರನೆಯ ದಿನವೂ ಖಾಲಿ. ಮೂರನೆಯ ದಿನ, ಹುಡುಗಿ ಒಪ್ಪಿಗೆ ಎಂದು ಹೇಳಿ ಕಳಿಸಿದರು. ಮಹದೇವಯ್ಯ ಬೀದಿಗೆಲ್ಲ ಸಕ್ಕರೆ ಹಂಚಲು ಹೊರಟರು. ಆ ಪ್ಯಾನಿಗೆ ಮುರಿಗೆಮ್ಮ ಏನು ಕೆಲಸ ಕೊಟ್ಟಿರಬಹುದು ಎಂಬುದು ನನ್ನನ್ನು ಕೊರೆಯುತ್ತಿತ್ತು. ನನಗೆ ಹೊಳೆಯದ್ದು ಆಕೆಗೆ ಹೊಳೆದಿದೆಯಲ್ಲ. ಸೈಕಲ್ ಅಂಗಡಿಯಲ್ಲವೇ, ಟ್ಯೂಬು ಮುಳುಗಿಸಿ ಗಾಳಿ ಸೋರುವುದನ್ನು ನೋಡಲು ಇರಬೇಕು, ಛೆ, ಇಷ್ಟು ಸುಲಭದ್ದು ತಪ್ಪಿತಲ್ಲ ಎಂದು ದಾಕ್ಷಾಯಣಮ್ಮನ ಮುಂದೆ ಹಣೆ ಚಚ್ಚಿಕೊಂಡೆ. ಅವರು ನನ್ನನ್ನು ಬಹಳ ತಾಳ್ಮೆಯಿಂದ ನೋಡಿದರು.

"ಟ್ಯೂಬು ಮುಳುಗಿಸೋಕೆ ಮುಚ್ಚಳ ಯಾಕೆ ಬೇಕು, ಮೇಷ್ಟ್ರೇ?"

ಇಲ್ಲಿ ನಮ್ಮ ಊರಿನ ಬುದ್ಧಿಯ ಬಗ್ಗೆ ಒಂದು ಮಾತು ಹೇಳಬೇಕು. ಒಂದು ಸಾಮಾನು ಬಂದರೆ ಅದಕ್ಕೆ ಹೊಸ ಕೆಲಸ ಯಾವುದು ಎಂದಷ್ಟೇ ನಮ್ಮ ತಲೆ ಓಡುತ್ತದೆ. ಅದರ ಹಳೆಯ ಕೆಲಸ ಇನ್ನೊಬ್ಬರ ಮನೆಯಲ್ಲಿ ಇರಬಹುದು ಎಂಬ ಯೋಚನೆ ಇಡೀ ಊರಿನಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಬಂದಿದ್ದರೂ ಯಾರ ಮನೆಯ ಬಾಗಿಲು ತಟ್ಟುವುದು? ಎಲ್ಲರೂ ತವರಿಗೆ ಹೋಗಿದ್ದಾರಲ್ಲ.

ಮಹದೇವಯ್ಯನ ಸಕ್ಕರೆ ಡಬ್ಬಿಯನ್ನು ದಾಕ್ಷಾಯಣಮ್ಮ ಕಿತ್ತುಕೊಂಡು ಒಳಗಿಟ್ಟರು. ಈ ಸಂಬಂಧ ಬೇಡ ಎಂದರು. ಮಹದೇವಯ್ಯ ಕೂಗಾಡಿದರು, ಹೊಸ್ತಿಲು ಖಾಲಿಯಾಯಿತು, ಒಪ್ಪಿಗೆ ಬಂತು, ಇನ್ನು ನಿನಗೇನು ಬೇಕು ಎಂದರು. ಗೋಡೆಯಾಚೆಯಿಂದ ಎಲ್ಲವೂ ಕೇಳುತ್ತಿತ್ತು. ನಮ್ಮಿಬ್ಬರ ಮನೆಯ ನಡುಗೋಡೆ ಒಂದು ಕಾಲದಲ್ಲಿ ಸಿನಿಮಾ ಟೆಂಟಿನ ತಗಡಾಗಿತ್ತು. "ನಾಲ್ಕು ವರ್ಷ ನಾನು ಎತ್ತಿದೀನಿ," ಎಂದರು ದಾಕ್ಷಾಯಣಮ್ಮ, ಕೂಗದೆ. "ನೀವು ಮೂಗು ಮುಚ್ಕೊಂಡು ಪೇಪರ್ ಓದ್ತಿದ್ರಿ. ಈಗ ಅದೇ ಪ್ಯಾನಿನ ಹಿಂದೆ ನನ್ನ ಮಗಳನ್ನ ಕಳಿಸಬೇಕಾ?" ಆಮೇಲೆ ಕೇಳಿಸಿದ್ದು ಕಾಂಚನಳ ದನಿ. ಅಳುತ್ತಿದ್ದಾಳೆಂದುಕೊಂಡಿದ್ದೆ, ಅಳುತ್ತಿರಲಿಲ್ಲ. "ಆ ಮನೇಲಿ ಯಾರೋ ಮಲಗಿದಾರೆ, ಅದು ಗೊತ್ತಾಯ್ತು. ಆದ್ರೆ ಅವರನ್ನ ಯಾರು ನೋಡ್ಕೊಳ್ತಾರೆ ಅನ್ನೋದು ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ನೋಡ್ಕೊಂಡು ಬಾ, ಅಮ್ಮ. ಮುರಿಗೆಮ್ಮ ಒಬ್ರೇ ಅಂತಾದ್ರೆ ನಾನೇ ಬೇಡ ಅಂತೀನಿ."

ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಹೊಸ್ತಿಲನ್ನು ಬಿಟ್ಟು ಹಿತ್ತಿಲನ್ನು ನೋಡಲು ಹೋಗುವುದಂತೂ ಯಾರೂ ಕೇಳಿರಲಿಲ್ಲ. ದಾಕ್ಷಾಯಣಮ್ಮ ನನ್ನನ್ನೂ ಜೊತೆಗೆ ಕರೆದರು. ಯಾರಾದರೂ ಎದುರಾದರೆ ವಾಚನಾಲಯದ ಚಂದಾ ಕೇಳಲು ಬಂದೆವು ಎನ್ನುವುದು ನನ್ನ ಪಾಲಿನ ಕೆಲಸ. ಚಂದಾ ಎಂದರೆ ಜನ ಮುಂದೆ ಮಾತಾಡುವುದಿಲ್ಲ, ಒಳಗೆ ಹೋಗಿಬಿಡುತ್ತಾರೆ ಎಂದು ಅವರ ಲೆಕ್ಕ.

ಬೆಳಕು ಹರಿಯುವಾಗ ಕಾಲುವೆ ದಾಟಿದೆವು. ಪಂಚಾಕ್ಷರಿಯ ಮನೆಯ ಹಿತ್ತಿಲಿಗೆ ಹಳೇ ಸೈಕಲ್ ರಿಮ್ಮುಗಳ ಬೇಲಿ. ಮರೆ ಎನ್ನುವುದೇ ಇಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂಬಾಗಿಲು ತೆರೆಯಿತು. ಹೊರಗೆ ಬಂದವನು ಪಂಚಾಕ್ಷರಿ. ಲುಂಗಿ ಮೇಲೆ ಕಟ್ಟಿ, ಪ್ಯಾನನ್ನು ಎರಡೂ ಕೈಯಲ್ಲಿ ಅಲುಗಾಡದಂತೆ ಹಿಡಿದು, ಮುಚ್ಚಳವನ್ನು ಗದ್ದದಿಂದ ಒತ್ತಿಕೊಂಡು ಬಂದ. ಪಾಯಿಖಾನೆಗೆ ಹೋಗಿ ಚೆಲ್ಲಿ ಬಂದು, ಕಲ್ಲಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ಫಿನಾಯಿಲ್ ಹಾಕಿ ತೆಂಗಿನ ನಾರಿನಿಂದ ಉಜ್ಜತೊಡಗಿದ. ಏನೋ ಹಾಡೂ ಗುನುಗುತ್ತಿದ್ದ. ತಲೆಯೆತ್ತಿದಾಗ ಬೇಲಿಯಾಚೆ ಭಾವಿ ಅತ್ತೆ ನಿಂತಿದ್ದರು. ಹಾಡು ನಿಂತಿತು. ನಾನು ಚಂದಾ ಎಂದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

"ಯಾರಿಗೆ?" ಎಂದರು ದಾಕ್ಷಾಯಣಮ್ಮ.

ಅವನು ಸುಳ್ಳು ಹುಡುಕಿದ್ದು ಮುಖದಲ್ಲಿ ಕಂಡಿತು, ಸಿಗಲಿಲ್ಲ. "ಅಮ್ಮಂಗೆ," ಎಂದ. "ತವರಿಗೆ ಹೋಗಿಲ್ಲ. ಒಂದು ಕಡೆ ಕೈ ಕಾಲು ಬಿದ್ದುಹೋಗಿದೆ." ಬೆಳಿಗ್ಗೆ ತಾನು, ಸಂಜೆ ಅಪ್ಪ, ಮುರಿಗೆಮ್ಮತ್ತೆ ಬಂದ ದಿನ ಅವರು ಎಂದು ಕೇಳದೆಯೇ ಹೇಳಿದ. ಇದಕ್ಕೆ ಮುಂಚೆ ಏನಿತ್ತು ಎಂದು ದಾಕ್ಷಾಯಣಮ್ಮ ಕೇಳಿದರು. ಅವನು ಮೂಲೆಯಲ್ಲಿದ್ದ ಒಂದು ತಗಡಿನ ತಟ್ಟೆಯನ್ನು ತೋರಿಸಿದ. ಈಗ ಅದರಲ್ಲಿ ಸೀಮೆಎಣ್ಣೆ ಹಾಕಿ ಸೈಕಲ್ ಚೈನು ನೆನೆಸಿದ್ದ.

"ಎಣ್ಣೆ ಡಬ್ಬ ಕತ್ತರಿಸಿ ನಾನೇ ಮಾಡಿದ್ದೆ. ಎಲ್ರೂ ಚೆನ್ನಾಗಿ ಮಾಡಿದೀಯ ಅಂದ್ರು. ಅದರ ಅಂಚು ಚುಚ್ಚುತ್ತಿತ್ತಂತೆ. ಅಮ್ಮ ಹೇಳಿರಲೇ ಇಲ್ಲ. ಮೊನ್ನೆ ಇದು ಬಂದ್ಮೇಲೆ ಹೇಳಿದ್ರು."

ದಾಕ್ಷಾಯಣಮ್ಮ ರಿಮ್ಮಿನ ಬೇಲಿಯನ್ನು ಸರಿಸಿ ಒಳಗೆ ಹೋದರು. ಸೆರಗು ಸಿಕ್ಕಿಸಿ ಅವನ ಪಕ್ಕದಲ್ಲಿ ಕೂತು, ಪ್ಯಾನನ್ನು ಅವನ ಕೈಯಿಂದ ತೆಗೆದುಕೊಂಡು ಬೋರಲು ಹಾಕಿ, ತುಟಿಯ ಕೆಳಗಿನ ಸಂದಿಯನ್ನು ಬೆರಳಿನಿಂದ ತೋರಿಸಿದರು. "ಇಲ್ಲಿ ನಾರು ಹೋಗಲ್ಲ. ಹಳೇ ಬನಿಯನ್ನಿನ ಬಟ್ಟೆ ಸುತ್ತಿ ಹೀಗೆ ಎಳೀಬೇಕು. ಇಲ್ದಿದ್ರೆ ವಾಸನೆ ಕೂತುಬಿಡುತ್ತೆ. ಮಲಗಿರೋರಿಗೆ ಎಲ್ಲಕ್ಕಿಂತ ಮೊದಲು ಅದೇ ಗೊತ್ತಾಗೋದು." ಅವನು ಬನಿಯನ್ ಹುಡುಕಲು ಓಡಿದ. ಅವರು ಎದ್ದು, ಕೈ ತೊಳೆದುಕೊಂಡು, ಹಿಂಬಾಗಿಲಿನಿಂದ ಒಳಗೆ ಹೋದರು. ನಾನು ಹೊರಗೇ ಉಳಿದೆ. ಒಳಗೆ ಯಾರೋ ತೊದಲುತ್ತಾ ಕೂರಲು ಹೇಳಿದ್ದು, ದಾಕ್ಷಾಯಣಮ್ಮ ಕೂತದ್ದು, ಬಹಳ ಹೊತ್ತು ಇಬ್ಬರೂ ಮೆಲ್ಲಗೆ ಮಾತಾಡಿದ್ದು ಕೇಳಿಸಿತು. ಕಾಫಿಯನ್ನೂ ಅಲ್ಲೇ ಕುಡಿದರು. ನನಗೆ ಪಂಚಾಕ್ಷರಿ ಬೇಲಿಯ ಮೇಲಿಂದ ಒಂದು ಲೋಟ ದಾಟಿಸಿದ. ಜೊತೆಗೆ ಚಂದಾ ಎಷ್ಟು ಎಂದೂ ಕೇಳಿದ.

ವಾಪಸು ಬರುವಾಗ ಕಾಲುವೆಯ ಸೇತುವೆಯವರೆಗೆ ದಾಕ್ಷಾಯಣಮ್ಮ ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದರು. ಏನು ತೀರ್ಮಾನ ಮಾಡಿದಿರಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಸೇತುವೆಯ ನಡುವೆ ಅವರು ನಿಂತು, ಸೊಂಟಕ್ಕೆ ಕೈಕೊಟ್ಟು ಒಮ್ಮೆ ನೆಟ್ಟಗಾದರು.

"ಮೇಷ್ಟ್ರೇ, ನಿಮ್ಮ ಆ ದಪ್ಪ ಪುಸ್ತಕ ಈಗ ಏನು ಮಾಡ್ತಿವೆ?"

ಹಪ್ಪಳ ಒತ್ತುತ್ತಿವೆ ಎಂದೆ.

"ಬಿಡಿಸ್ಕೊಂಡು ಬನ್ನಿ," ಎಂದರು. "ಆ ಮಂಚ ತೀರಾ ತಗ್ಗು. ಹುಡುಗನ ಸೊಂಟ ಈಗಲೇ ಹಾಳಾಗಿಬಿಡುತ್ತೆ."